ಗಡಿಯಾರ ಮುಂದೆ ಓಡ್ತು, ಮೈ ಅಲ್ಲೇ ಉಳೀತು

ನಮ್ಮಕ್ಕ ಇರೋದು ಅಮೆರಿಕದ ಡೆಟ್ರಾಯಿಟ್ ಹತ್ರ. ಪ್ರತಿ ಭಾನುವಾರ ಅವಳ ಬೆಳಿಗ್ಗೆ 9 ಗಂಟೆಗೆ ಶಿವಮೊಗ್ಗಕ್ಕೆ ಫೋನ್ ಮಾಡ್ತಾಳೆ, ಚಳಿಗಾಲದಲ್ಲಿ ಅದು ನಮಗೆ ರಾತ್ರಿ 7:30. ಮಾರ್ಚ್ ಎರಡನೇ ಭಾನುವಾರ ಬಂತಂದ್ರೆ ಅಮ್ಮ ಇನ್ನೂ ದೀಪ ಹಚ್ತಾ ಇರೋವಾಗ್ಲೇ, 6:30ಕ್ಕೇ ರಿಂಗ್ ಆಗತ್ತೆ. "ಏನಾಯ್ತೇ, ಇಷ್ಟು ಬೇಗ?" ಅಂತ ಅಮ್ಮಂಗೆ ಗಾಬರಿ. ಆಗಿದ್ದಿಷ್ಟೇ, ಅಲ್ಲಿ ಆವತ್ತು ರಾತ್ರಿ 2 ಗಂಟೆ ಆಗ್ಬೇಕಾದಾಗ ಗಡಿಯಾರ ಸೀದಾ 3ಕ್ಕೆ ಹಾರಿದೆ, ನವೆಂಬರ್ ಮೊದಲ ಭಾನುವಾರ ಮತ್ತೆ ಹಿಂದಕ್ಕೆ ಬರತ್ತೆ. ಇದಕ್ಕೇ ಡೇಲೈಟ್ ಸೇವಿಂಗ್ ಅಂತಾರೆ.

ಒಂದು ಸಲ ಆ ವಾರ ನಾನು ಅಲ್ಲೇ ಇದ್ದೆ. ಶನಿವಾರ 7ಕ್ಕೆ ಮುಂಚೆ ಹುಟ್ಟಿದ ಸೂರ್ಯ ಭಾನುವಾರದಿಂದ ಸುಮಾರು 8 ಗಂಟೆಗೆ! ಸೋಮವಾರ ಏಳು ವರ್ಷದ ಅಕ್ಕನ ಮಗನ್ನ ಕತ್ತಲಲ್ಲೇ ಎಬ್ಬಿಸಿದ್ವಿ, ಹಲ್ಲುಜ್ಜೋ ಬ್ರಷ್ ಬಾಯಲ್ಲಿ ಇಟ್ಕೊಂಡೇ ತೂಕಡಿಸ್ತಿದ್ದ, ತಿಂಡಿ ಮುಟ್ಟಲಿಲ್ಲ, ರಾತ್ರಿ 10 ಆದ್ರೂ ನಿದ್ದೆ ಬರಲಿಲ್ಲ. ಹಟ ಅಂತ ಬೈದ್ವಿ ಪಾಪ. ಅದು ಹಟ ಅಲ್ಲ.

ನಮ್ಮ ಮಿದುಳಲ್ಲಿ, ಕಣ್ಣಿನ ನರಗಳು ಒಂದನ್ನೊಂದು ದಾಟೋ ಜಾಗದ ಸ್ವಲ್ಪ ಮೇಲೆ, ಸುಮಾರು 20,000 ನರಕೋಶಗಳ ಒಂದು ಪುಟ್ಟ ಗುಂಪಿದೆ, ಅದೇ ಮೈಯ ಮುಖ್ಯ ಗಡಿಯಾರ. ಹೆಚ್ಚಿನವರಲ್ಲಿ ಇದರ ಒಂದು ಸುತ್ತು 24 ಗಂಟೆಗಿಂತ ಒಂಚೂರು ಜಾಸ್ತಿ, ಅಂದ್ರೆ ಬಿಟ್ರೆ ದಿನಾ ಸ್ವಲ್ಪ ಸ್ವಲ್ಪ ಲೇಟ್ ಆಗ್ತಾನೇ ಹೋಗತ್ತೆ. ಅದನ್ನ ದಿನಾ ಎಳೆದು ಸರಿ ಮಾಡೋದು ಬೆಳಗಿನ ಬೆಳಕು. ಸಂಜೆ ಬೆಳಕು ಇದಕ್ಕೆ ಉಲ್ಟಾ, ನಿದ್ದೆ ತರೋ ಮೆಲಟೋನಿನ್ ಹಾರ್ಮೋನನ್ನ ತಡ ಮಾಡಿಸಿ ಗಡಿಯಾರನ ಇನ್ನೂ ಹಿಂದಕ್ಕೆ ತಳ್ಳತ್ತೆ. ಈಗ ನೋಡಿ, ಡೇಲೈಟ್ ಸೇವಿಂಗ್ ಮಾಡೋದೇನು? ಬೇಕಾದ ಬೆಳಗಿನ ಬೆಳಕನ್ನ ಕಿತ್ಕೊಂಡು ಸಂಜೆಗೆ ಹಾಕತ್ತೆ. ಒಂದು ಗಂಟೆ ನಿದ್ದೆ ಹೋಗೋದು ಒಂದೇ ದಿನದ ಕಥೆ, ಆದ್ರೆ ಈ ಬೆಳಕಿನ ಎಳೆದಾಟ ತಿಂಗಳುಗಟ್ಟಲೆ ನಡೆಯತ್ತೆ, ನನಗೆ ದೊಡ್ಡ ತಕರಾರು ಇರೋದೇ ಇಲ್ಲಿ.

ಡೆಟ್ರಾಯಿಟ್ ಇರೋ ಮಿಷಿಗನ್ ರಾಜ್ಯದ ಆಸ್ಪತ್ರೆಗಳ ಲೆಕ್ಕ ನೋಡಿ 2014ರಲ್ಲಿ ಬಂದ ಅಧ್ಯಯನದಲ್ಲಿ, ಗಡಿಯಾರ ಮುಂದೆ ಹೋದ ಮರುದಿನದ ಸೋಮವಾರ ಹಾರ್ಟ್ ಅಟ್ಯಾಕ್ 24% ಜಾಸ್ತಿ ಇತ್ತು. ಆದ್ರೆ ಆ ಇಡೀ ವಾರದ ಒಟ್ಟು ಸಂಖ್ಯೆ ಬದಲಾಗಿರಲಿಲ್ಲ, ಇದನ್ನೂ ಹೇಳ್ಬೇಕು. ಮೊದಲೇ ಸೋತಿರೋ ಹೃದಯಕ್ಕೆ ಅದೇ ಕೊನೇ ತಳ್ಳು ಆಗಿರಬಹುದು.

ಗಡಿಯಾರ ಹೀಗೆ ಬದಲಾಯಿಸೋಣ ಅಂತ ಮೊದಲು ಕೇಳಿದೋರಲ್ಲಿ ಒಬ್ಬ ನ್ಯೂಜಿಲೆಂಡಿನ ಜಾರ್ಜ್ ಹಡ್ಸನ್, ಪೋಸ್ಟ್ ಆಫೀಸ್ ಕೆಲಸ ಮುಗಿಸಿ ಹುಳ ಹಿಡಿಯೋಕೆ ಹೋಗ್ತಿದ್ದ ಮನುಷ್ಯ, ಸಂಜೆ ಬೆಳಕು ಬೇಕು ಅಂತ 1895ರಲ್ಲಿ 2 ಗಂಟೆ ಬದಲಾವಣೆ ಕೇಳಿದ. ದೇಶಪೂರ್ತಿ ಮೊದಲು ಜಾರಿಗೆ ಬಂದಿದ್ದು ಮೊದಲನೇ ಮಹಾಯುದ್ಧದಾಗ, 1916ರಲ್ಲಿ, ಕಲ್ಲಿದ್ದಲು ಉಳಿಸೋಕೆ ಅಂತ ಜರ್ಮನಿಯಲ್ಲಿ. ಆಗ ಸಂಜೆ ಕರೆಂಟ್ ಅಂದ್ರೆ ಮುಖ್ಯವಾಗಿ ದೀಪ, ಈಗ ಎಸಿ ಇದೆ. ಅಮೆರಿಕದ ಇಂಡಿಯಾನಾದಲ್ಲಿ 2006ರಲ್ಲಿ ಇಡೀ ರಾಜ್ಯಕ್ಕೆ ಇದನ್ನ ತಂದಾಗ ಮನೆಗಳ ಕರೆಂಟ್ ಬಳಕೆ ಸುಮಾರು 1% ಏರಿತು. 1974ರ ಜನವರಿಯಲ್ಲಿ ಅಮೆರಿಕದಲ್ಲಿ ಗಡಿಯಾರ ವರ್ಷಪೂರ್ತಿ ಮುಂದೇ ಇರ್ಲಿ ಅಂತ ಮಾಡಿ ನೋಡಿದ್ರು, ಮಕ್ಕಳು ಕತ್ತಲಲ್ಲಿ ಸ್ಕೂಲಿಗೆ ಹೋಗೋದು ನೋಡಿ ಜನ ಸಿಟ್ಟಾದ್ರು, ಅದೇ ವರ್ಷ ಅಕ್ಟೋಬರಲ್ಲಿ ವಾಪಸ್ ತಗೊಂಡ್ರು. ಅದಕ್ಕೇ ನಾನು ಹೇಳೋದು, ವರ್ಷಪೂರ್ತಿ ಒಂದೇ ಟೈಮ್ ಇಡೋದಾದ್ರೆ ಚಳಿಗಾಲದ ಟೈಮೇ ಇರ್ಲಿ, ಅಮೆರಿಕದ ನಿದ್ದೆ ತಜ್ಞರ ಸಂಘ ಕೂಡ ಇದನ್ನೇ ಹೇಳತ್ತೆ.

ನಮ್ಮಲ್ಲೂ ಎರಡನೇ ಮಹಾಯುದ್ಧದಾಗ 1942ರಿಂದ 1945ರವರೆಗೆ ಗಡಿಯಾರ ಒಂದು ಗಂಟೆ ಮುಂದಿತ್ತು. ಆದ್ರೆ ಕರ್ನಾಟಕದಲ್ಲಿ ಇದರಿಂದ ಏನು ಸಿಗತ್ತೆ ಹೇಳಿ? ಬೆಂಗಳೂರಲ್ಲಿ ಅತಿ ಉದ್ದದ ಹಗಲಿಗೂ ಗಿಡ್ಡ ಹಗಲಿಗೂ ವ್ಯತ್ಯಾಸ ಬರೀ ಒಂದೂವರೆ ಗಂಟೆ, ಡೆಟ್ರಾಯಿಟಲ್ಲಿ 6 ಗಂಟೆ.

ಅಕ್ಕ ಈಗ ಮಾರ್ಚ್ ಶುರುವಾದ ಕೂಡ್ಲೇ ಮಗನ್ನ ದಿನಾ ಹತ್ತು ನಿಮಿಷ ಮುಂಚೆ ಮಲಗಿಸ್ತಾಳೆ, ಊಟನೂ ಹಂಗೇ ಸ್ವಲ್ಪ ಸ್ವಲ್ಪ ಮುಂಚೆ. ಆ ಭಾನುವಾರ ಬಿಸಿಲು ಬಿದ್ದ ತಕ್ಷಣ ಜಾಕೆಟ್ ಹಾಕಿಸಿ ಹೊರಗೆ ಕರ್ಕೊಂಡು ಹೋಗ್ತಾಳೆ, ಅಲ್ಲಿಂದ್ಲೇ ಅಮ್ಮಂಗೆ ಫೋನು.