ಗಾಡಿ ಅಲುಗಾಡಿದರೆ ಕರೆಂಟ್ ಬರುತ್ತಲ್ಲ, ಸೆಲ್ ಯಾಕೆ?

ಪ್ರಶ್ನೆ: ಕಾರಿನ ಟೈರ್ ಪ್ರೆಶರ್ ಸೆನ್ಸರ್‌ನ ಸೆಲ್ ಮುಗಿದಿದೆ. ಪೂರ್ತಿ ಸೆನ್ಸರೇ ಬದಲಿಸ್ರಿ ಅಂತಾರೆ. ಸೇಡಂ ರಸ್ತೆಯಲ್ಲಿ ಗಾಡಿ ಇಷ್ಟು ಕುಣಿಯುತ್ತಲ್ರಿ, ಅದರಿಂದಲೇ ಕರೆಂಟ್ ತೆಗೆಯೋಕಾಗಲ್ವಾ ಸರ್?

ಆಗುತ್ತೆ ರೀ. ಗ್ಯಾಸ್ ಹಚ್ಚುವ ಟಕ್‌ಟಕ್ ಲೈಟರ್ ನೋಡಿ. ಒಳಗೆ ಸೆಲ್ ಇಲ್ಲ. ಸ್ಪ್ರಿಂಗಿನ ಪುಟ್ಟ ಸುತ್ತಿಗೆ ಪಿಂಗಾಣಿಯಂಥ ತುಂಡಿಗೆ ಬಡಿಯುತ್ತದೆ, ಕಿಡಿ ಹಾರುತ್ತದೆ. ಒತ್ತಿದರೆ, ಬಾಗಿಸಿದರೆ ಕರೆಂಟ್ ಹುಟ್ಟುವ ಈ ಗುಣಕ್ಕೆ ಪೀಜೋ ಅಂತಾರೆ; ಫ್ರಾನ್ಸಿನ ವಿಜ್ಞಾನಿಗಳಾದ ಕ್ಯೂರಿ ಅಣ್ಣತಮ್ಮಂದಿರು 1880ರಲ್ಲೇ ಕಂಡುಕೊಂಡದ್ದು. ಅಂಥ ಪಟ್ಟಿಯೊಂದನ್ನು ಚಕ್ರದೊಳಗೆ ಕೂರಿಸಿದರೆ ಬಾಗಿದಾಗೆಲ್ಲ ಚೂರು ಕರೆಂಟ್ ಕೊಡುತ್ತದೆ. ಸೆನ್ಸರ್‌ಗೆ ಅಷ್ಟು ಸಾಕು. ಅದು ಬಹಳ ಹೊತ್ತು ಮಲಗಿಯೇ ಇರುತ್ತದೆ. ಆಗೊಮ್ಮೆ ಈಗೊಮ್ಮೆ ಎದ್ದು, ಕೆಲವು ಮಿಲಿಸೆಕೆಂಡ್ ರೇಡಿಯೋದಲ್ಲಿ ಸುದ್ದಿ ಮುಟ್ಟಿಸಿ, ಮತ್ತೆ ಮಲಗುತ್ತದೆ.

ಆದರೆ ನಿಂತ ಗಾಡಿಯಲ್ಲಿ ಕರೆಂಟಿಲ್ಲ, ಬಟನ್ ಸೆಲ್ ಅಗ್ಗ. ಅದಕ್ಕೇ ಕಂಪನಿಗಳು ಸೆಲ್ ಬಿಟ್ಟಿಲ್ಲ. ಧೂಳು, ನೀರು ಹೋಗದಂತೆ ಅದನ್ನು ಅಂಟಿನಲ್ಲಿ ಮುಚ್ಚಿರುತ್ತಾರೆ. ನಿಮಗೆ ಹೊಸ ಸೆನ್ಸರೇ ಗತಿ.

ಇದರ ಬೆನ್ನಿಗೇ ಬರುವ ಮಾತೂ ನನಗೆ ಗೊತ್ತು. “ಹಂಗಾದ್ರ ಎಲೆಕ್ಟ್ರಿಕ್ ಸ್ಕೂಟರ್ ಚಕ್ರಕ್ಕ ಡೈನಮೊ ಕಟ್ಟಿದ್ರ ಚಾರ್ಜ್ ಮಾಡೋದೇ ಬ್ಯಾಡಲ್ರಿ?” ಎಷ್ಟು ಸಲ ಹೇಳಲಿ! ಅಪ್ಪನ ಹಳೇ ಸೈಕಲ್ ನೆನಪಿದೆಯಾ? ಡೈನಮೊ ಟೈರಿಗೆ ತಾಗಿದ್ದೇ ತಡ, ಗುರ್ರ್ ಅಂತ ಶಬ್ದ, ಪೆಡಲ್ ಭಾರ. ದೀಪ ಉರಿದದ್ದು ನಿಮ್ಮ ಮೊಣಕಾಲಿನ ಖರ್ಚಿನಲ್ಲಿ. ಅದೂ ಬರೀ 3 ವ್ಯಾಟ್. ಸ್ಕೂಟರಿನಲ್ಲಿ ಮೊಣಕಾಲಿನ ಜಾಗದಲ್ಲಿ ಬ್ಯಾಟರಿ ಇದೆ. ಬ್ಯಾಟರಿ ಚಕ್ರ ತಿರುಗಿಸಬೇಕು, ಚಕ್ರ ಡೈನಮೊ ತಿರುಗಿಸಬೇಕು, ಡೈನಮೊ ಅದೇ ಬ್ಯಾಟರಿ ತುಂಬಬೇಕು. ಪ್ರತಿ ಹಂತದಲ್ಲೂ ಒಂದಿಷ್ಟು ಬಿಸಿಯಾಗಿ ಸೋರಿಹೋಗುತ್ತದೆ. ಟ್ಯಾಂಕಿನ ನೀರನ್ನು ತೂತು ಕೊಡದಲ್ಲಿ ಹೊತ್ತು ಅದೇ ಟ್ಯಾಂಕ್ ತುಂಬಿಸಿದ ಹಾಗೆ.

ಬ್ರೇಕ್ ಹಿಡಿದಾಗ ಚಾರ್ಜ್ ಆಗುತ್ತಲ್ಲ ಅನ್ನಬೇಡಿ. ಅದು ಬ್ರೇಕಿನಲ್ಲಿ ಹಾಳಾಗುತ್ತಿದ್ದುದರಲ್ಲಿ ಸ್ವಲ್ಪ ವಾಪಸ್, ಅಷ್ಟೇ. ಇನ್ನು ಗುಂಡಿಯ ಜಿಗಿತ ಪುಕ್ಕಟೆ ತಾನೇ? ಪುಕ್ಕಟೆಯೇ. ಆದರೆ ಇಂಥ ಪಟ್ಟಿ ಕೊಡುವುದು ಹೆಚ್ಚೆಂದರೆ ಮಿಲಿವ್ಯಾಟ್, ಅಂದರೆ ವ್ಯಾಟಿನ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ. ಸ್ಕೂಟರ್ ಓಡಲು ಸುಮಾರು 1 ಕಿಲೋವ್ಯಾಟ್ ಬೇಕು. ಹತ್ತು ಲಕ್ಷ ಪಟ್ಟಿ ಎಲ್ಲಿ ಕಟ್ಟುತ್ತೀರಿ?

ಇಷ್ಟೆಲ್ಲ ಕೇಳುವವರು ವಾಡಿ ಜಂಕ್ಷನ್ನಿನಲ್ಲಿ ಸಿಮೆಂಟ್ ಗೂಡ್ಸ್ ನೋಡಿ ಯಾಕೆ ಏನೂ ಕೇಳಲ್ಲವೋ! ವ್ಯಾಗನ್ನಿನಲ್ಲಿ ದೀಪವಿಲ್ಲ, ಫ್ಯಾನಿಲ್ಲ, ಕರೆಂಟಿನ ವೈರೇ ಇಲ್ಲ. ಚಕ್ರದ ಬೇರಿಂಗ್ ಬಿಸಿಯಾದರೆ ಹೇಳುವವರು ಯಾರು? ಅಲ್ಲಿ ಸೆನ್ಸರ್ ಕೂರಿಸಿದರೆ ಅದರ ಹೊಟ್ಟೆಗೆ ಆ ಗಡಗಡ ಅಲುಗಾಟವೇ ಸರಿ. ಗಾಡಿ ಎರಡು ದಿನ ಸೈಡಿಂಗಿನಲ್ಲಿ ನಿಂತರೆ ಸೆನ್ಸರ್ ಉಪವಾಸ, ನಿಜ. ಆದರೆ ನಿಂತ ಗಾಡಿಯ ಬೇರಿಂಗ್ ಬಿಸಿಯಾಗುವುದೂ ಇಲ್ಲ ಬಿಡಿ.