ಗಾಳಿ ಕೆರೆಯ ಹೂಳು

ಸಂಕ್ರಾಂತಿ ಕಳೆದ ಮೇಲಿನ ಭಾನುವಾರ. ಸ್ಕೂಟರಿನ ಬ್ರೇಕ್ ಬಿಗಿ ಮಾಡಿಸಲು ಚಿಕ್ಕಬಳ್ಳಾಪುರದ ನನ್ನ ಮಾಮೂಲಿ ಗ್ಯಾರೇಜಿಗೆ ಹೋಗಿದ್ದೆ. ಅಲ್ಲಿ ಒಂದು ಟ್ರ್ಯಾಕ್ಟರಿಗೂ ಟೊಮೆಟೊ ಸಾಗಿಸುವ ಟೆಂಪೊಗೂ ನಡುವೆ ಕೆಂಪು ಸ್ಪೋರ್ಟ್ಸ್ ಕಾರೊಂದು ನಿಂತಿತ್ತು. ಎರಡೇ ಸೀಟು. ಇಂಜಿನ್ ಇರುವುದು ಸೀಟಿನ ಬೆನ್ನಿಗೆ. ನಂದಿಬೆಟ್ಟದಲ್ಲಿ ಸೂರ್ಯೋದಯ ನೋಡಲು ಬೆಂಗಳೂರಿನಿಂದ ನಸುಕಿನಲ್ಲೇ ಹೊರಟಿದ್ದಂತೆ. ತಿರುವುಗಳನ್ನು ಹತ್ತಿ, ಗೇಟಿನ ಕ್ಯೂನಲ್ಲಿ ನಿಂತಿದ್ದಾಗ ಟೆಂಪರೇಚರ್ ಮುಳ್ಳು ಕೆಂಪಿಗೆ ಏರಿದೆ.

"ಇಂಥ ಚಳೀಲಿ ಇಂಜಿನ್ ಬಿಸಿ ಆಗುತ್ತಾ ಅಣ್ಣ? ಮೇಲೆ ಎಲ್ಲರೂ ಕಾರಿನ ಮುಂದೆ ನಿಂತು ಫೋಟೊ ತಗೊಳ್ತಿದ್ರು. ಕಣ್ಣು ಬಿತ್ತೋ ಏನೋ" ಎಂದ ಕಾರಿನ ಹುಡುಗ. ಮುಂದಿನ ಜಾಲರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಯೇ ಇತ್ತು.

ಮೆಕ್ಯಾನಿಕ್ ನೆಲಕ್ಕೆ ಕೂತು, ಬಂಪರಿನ ಮೂಲೆಯ ತೂತಿಗೆ ಮೊಬೈಲ್ ಟಾರ್ಚ್ ಹಿಡಿದ. "ಕಣ್ಣು ಬಿದ್ದಿಲ್ಲ ಸಾರ್, ಕಸ ಬಿದ್ದಿದೆ" ಎಂದ.

ಮೂವತ್ತು ವರ್ಷ ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಟ್ಟವನು ನಾನು. ಇನ್ನು ಸುಮ್ನೆ ಇರೋದಕ್ಕೆ ಆಗುತ್ತಾ? ಸ್ಕೂಟರ್ ಮರೆತೆ.

ಮೊದಲು ಹೆಸರಿನ ತಕರಾರು. ಕಸ ಬಿದ್ದದ್ದು ರೇಡಿಯೇಟರಿಗೆ, ಅಂದರೆ ಇಂಜಿನ್ನಿನ ಬಿಸಿಯನ್ನು ಗಾಳಿಗೆ ಬಿಡುವ ಭಾಗಕ್ಕೆ. ಆ ಹೆಸರೇ ಸುಳ್ಳು. ಅದು ವಿಕಿರಣದಿಂದ ಬಿಸಿ ಹೊರಹಾಕುತ್ತದೆ ಎಂದು ಪರೀಕ್ಷೆಯಲ್ಲಿ ಬರೆದ ಮಕ್ಕಳಿಗೆ ನಾನು ಎಷ್ಟೋ ಸಲ ಸೊನ್ನೆ ಹಾಕಿದ್ದೇನೆ. ಲೆಕ್ಕ ನೋಡಿ. 90 ಡಿಗ್ರಿ ಬಿಸಿಯ ಕಪ್ಪು ತಗಡು, 25 ಡಿಗ್ರಿಯ ಸುತ್ತಮುತ್ತಲಿಗೆ ವಿಕಿರಣದಿಂದ ಕೊಡುವುದು ಚದರ ಮೀಟರಿಗೆ ಸುಮಾರು 500 ವ್ಯಾಟ್. ಕಾರಿನ ರೇಡಿಯೇಟರಿನ ಹಿಂದೆ ಮುಂದೆ ಎರಡೂ ಮುಖ ಸೇರಿಸಿದರೂ ಒಂದು ಚದರ ಮೀಟರ್ ಆಗೋದು ಕಷ್ಟ. ಈಗ ಇಂಜಿನ್ ಕಡೆ ಬನ್ನಿ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 3.4 ಕೋಟಿ ಜೂಲ್ ಶಕ್ತಿ ಇದೆ. ಬೆಟ್ಟ ಹತ್ತುವಾಗ ಐದು ನಿಮಿಷಕ್ಕೆ ಒಂದು ಲೀಟರ್ ಸುಡುತ್ತದೆ ಎಂದಿಟ್ಟುಕೊಳ್ಳಿ. ಅದರಲ್ಲಿ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಕೂಲೆಂಟಿಗೆ, ಅಂದರೆ ಇಂಜಿನ್ನಿಗೂ ರೇಡಿಯೇಟರಿಗೂ ನಡುವೆ ಸುತ್ತುವ ದ್ರವಕ್ಕೆ ಹೋಗುತ್ತದೆ. ಅಂದರೆ 30 ಕಿಲೋವ್ಯಾಟ್. ಬಕೆಟ್ಟಿಗೆ ಇಳಿಬಿಟ್ಟು ನೀರು ಕಾಯಿಸುತ್ತೇವಲ್ಲ, ಆ 1500 ವ್ಯಾಟಿನ ಕಾಯಿಲ್ ಇಪ್ಪತ್ತು ಒಟ್ಟಿಗೆ ಉರಿದ ಹಾಗೆ. 30,000 ವ್ಯಾಟಿನ ಮುಂದೆ 500 ಯಾವ ಮೂಲೆಗೆ?

ಉಳಿದದ್ದನ್ನೆಲ್ಲ ಗಾಳಿಯೇ ಹೊತ್ತುಕೊಂಡು ಹೋಗಬೇಕು. ಗಾಳಿ ಪಾಪ ಬಡಕಲು ಕೂಲಿಯಾಳು. ಒಂದು ಲೀಟರ್ ನೀರು ಹೊರುವಷ್ಟು ಬಿಸಿ ಹೊರಲು ಮೂರು ಸಾವಿರ ಲೀಟರಿಗೂ ಜಾಸ್ತಿ ಗಾಳಿ ಬೇಕು. ಹಾಗಾಗಿ ಮನೆ ಮಾಳಿಗೆಯ ಮೇಲಿನ ಸಾವಿರ ಲೀಟರ್ ಟ್ಯಾಂಕ್ ಇದೆಯಲ್ಲ, ಹತ್ತಿರ ಹತ್ತಿರ ಅಷ್ಟು ಗಾಳಿ ಪ್ರತಿ ಸೆಕೆಂಡೂ ರೇಡಿಯೇಟರ್ ದಾಟಿ ಹೋಗಬೇಕು. ದಾಟುವಾಗ 30 ಡಿಗ್ರಿ ಬಿಸಿ ಏರಿಸಿಕೊಂಡು ಹೋಗಬೇಕು. ಕ್ಯೂನಲ್ಲಿ ನಿಂತ ಕಾರಿಗೆ ಎದುರು ಗಾಳಿ ಇಲ್ಲ. ಇಂಜಿನ್ ನಿಂತಲ್ಲೇ ಉರಿಯುವುದರಿಂದ ಆಗ ಹುಟ್ಟುವ ಬಿಸಿ ಕಡಿಮೆ, ನಿಜ. ಆದರೆ ಬೆಟ್ಟ ಹತ್ತುವಾಗ ಹುಟ್ಟಿದ ಬಿಸಿ ಒಳಗೇ ಉಳಿದಿರುತ್ತದೆ. ಅದನ್ನು ತೆಗೆಯಲು ಫ್ಯಾನು ಎಳೆದಷ್ಟೇ ಗಾಳಿ. ಚಳಿಯಲ್ಲೂ ಮುಳ್ಳು ಏರಿದ್ದು ಹೀಗೆ.

ಗಾಳಿ ಎಷ್ಟು ಬಂತು ಎನ್ನುವುದಕ್ಕಿಂತ ತಗಡಿಗೆ ಹೇಗೆ ತಾಗಿತು ಎನ್ನುವುದು ಇನ್ನೂ ದೊಡ್ಡ ವಿಷಯ. ಯಾವುದೇ ಬಿಸಿ ತಗಡಿನ ಮೈಗೆ ತೆಳ್ಳನೆ ಗಾಳಿ ಪದರ ಅಂಟಿಕೊಂಡಿರುತ್ತದೆ. ಅದು ಹೆಚ್ಚುಕಡಿಮೆ ಅಲುಗಾಡುವುದೇ ಇಲ್ಲ. ಹೊರಗೆ ಎಷ್ಟೇ ಗಾಳಿ ಬೀಸಲಿ, ಬಿಸಿ ಆ ಪದರ ದಾಟಿಯೇ ಹೋಗಬೇಕು. ಬಿಸಿ ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತಿ ಹಾಕಿ ಆರಿಸುವುದೂ ಇದಕ್ಕೇ. ಚಳಿಗಾಲದಲ್ಲಿ ಕಲ್ಯಾಣಿಗೆ ಇಳಿದು ಅಲುಗಾಡದೆ ನಿಂತರೆ ಸ್ವಲ್ಪ ಹೊತ್ತಿಗೆ ಹಾಯೆನಿಸುತ್ತದೆ, ಕೈ ಆಡಿಸಿದರೆ ಮತ್ತೆ ನಡುಕ. ಪದರ ಒಡೆಯಬೇಕು, ಅಷ್ಟೇ. ಅದಕ್ಕೇ ರೇಡಿಯೇಟರಿನ ಕೊಳವೆಗಳ ನಡುವೆ ಮಡಚಿ ಇಟ್ಟ ತೆಳ್ಳನೆ ಅಲ್ಯೂಮಿನಿಯಂ ಹಾಳೆಗಳಲ್ಲಿ, ಅಂದರೆ ಫಿನ್ನುಗಳಲ್ಲಿ, ಕಿಟಕಿಯ ಪಟ್ಟಿಗಳ ಹಾಗೆ ಸಣ್ಣ ಸಣ್ಣ ಸೀಳು ಮಾಡಿರುತ್ತಾರೆ. ಗಾಳಿ ಒಂದು ಸೀಳಿನ ಅಂಚಿಗೆ ತಾಗಿ ಪದರ ಕಟ್ಟಲು ಶುರುಮಾಡುವ ಹೊತ್ತಿಗೆ ಮುಂದಿನ ಸೀಳು ಬಂದು ಅದನ್ನು ಕತ್ತರಿಸುತ್ತದೆ. ಹೀಗೆ ಮಿಲಿಮೀಟರಿಗೊಂದು ಕತ್ತರಿ. ಆ ಸೀಳಿನೊಳಗೆ ಒಂದು ಚೂರು ಹೊಟ್ಟು ಕೂತರೆ ಮುಗಿಯಿತು. ಕತ್ತರಿ ಮೊಂಡಾಯಿತು, ಜೊತೆಗೆ ನಿಂತ ಗಾಳಿಯನ್ನು ಹಿಡಿದಿಡುವ ಕಂಬಳಿಯನ್ನೂ ಹೊದಿಸಿದ ಹಾಗಾಯಿತು.

ಇದರ ಹಿಂದಿನ ಕಥೆ ಹೇಳದೆ ಬಿಡಲಾರೆ. 1888ರ ಆಗಸ್ಟಿನಲ್ಲಿ ಬರ್ಥಾ ಬೆಂಜ್ ಎಂಬ ಗಟ್ಟಿಗಿತ್ತಿ, ಗಂಡನಿಗೆ ಹೇಳದೆ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಗಂಡನೇ ಮಾಡಿದ ಮೋಟಾರು ಗಾಡಿಯಲ್ಲಿ ಮಾನ್‌ಹೈಮ್‌ನಿಂದ ಪ್ಫೋರ್ಟ್ಸ್‌ಹೈಮ್‌ಗೆ ಹೊರಟಳು. ನೂರು ಕಿಲೋಮೀಟರಿಗೂ ಜಾಸ್ತಿ ದೂರ. ಆ ಗಾಡಿಯಲ್ಲಿ ಇಂಜಿನ್ ತಣ್ಣಗಾಗುತ್ತಿದ್ದುದು ನೀರು ಕುದಿದು ಆವಿಯಾಗಿ ಹೋಗುವುದರಿಂದ. ದಾರಿಯುದ್ದಕ್ಕೂ ನಿಲ್ಲಿಸಿ ನಿಲ್ಲಿಸಿ ನೀರು ಹುಯ್ಯಬೇಕಾಯಿತು. ಇಂಧನದ ಕೊಳವೆಯಲ್ಲಿ ಕಸ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಕಾರು ಹುಟ್ಟಿದ ಕಾಲದಿಂದಲೂ ಕಸದ್ದೇ ಗೋಳು! ಆಮೇಲೆ 1900ರಲ್ಲಿ ವಿಲ್ಹೆಲ್ಮ್ ಮೇಬ್ಯಾಕ್ ಜೇನುಗೂಡಿನಂಥ ರೇಡಿಯೇಟರ್ ಮಾಡಿದ. ಮರ್ಸಿಡಿಸ್ ಹೆಸರಿನ ಮೊದಲ ಕಾರಿಗೆ ಅದನ್ನೇ ಹಾಕಿದರು. ಅದರಲ್ಲಿ 6 ಮಿಲಿಮೀಟರಿನ ಚೌಕ ಕೊಳವೆಗಳು 8,070. ಗಾಳಿಗೆ ತಾಗುವ ಮೈ ಒಮ್ಮೆಲೇ ಹೆಚ್ಚಿತು. ಈಗಿನದೆಲ್ಲ ಅದರ ಮೊಮ್ಮಕ್ಕಳು.

ಎಲ್ಲರೂ ನೀರಿನ ದಾರಿ ಹಿಡಿಯಲಿಲ್ಲ. ಪೋರ್ಷೆ 911 ಕಾರು 1960ರ ದಶಕದಿಂದ 1998ರವರೆಗೆ ಬರೀ ಗಾಳಿಯಿಂದಲೇ ಇಂಜಿನ್ ತಂಪು ಮಾಡಿಕೊಂಡು ಓಡಿತು, ನಮ್ಮ ಬುಲೆಟ್ ಬೈಕಿನ ಹಾಗೆ. ಆಮೇಲೆ ಅದೂ ನೀರಿಗೆ ಬಂತು. ಇಂಜಿನ್ ಹಿಂದೆ, ಗಾಳಿ ಸಿಗುವುದು ಮುಂದೆ. ಹಾಗಾಗಿ ಇಂಥ ಕಾರುಗಳಲ್ಲಿ ಬಂಪರಿನ ಎರಡು ಮೂಲೆಯಲ್ಲೂ ಒಂದೊಂದು ರೇಡಿಯೇಟರ್, ಅದರ ಎದುರಿಗೆ ಏಸಿಯ ಬಿಸಿ ಹೊರಹಾಕುವ ಕಂಡೆನ್ಸರ್. ಹಿಂದಿನ ಇಂಜಿನ್ನಿಗೂ ಮುಂದಿನ ರೇಡಿಯೇಟರಿಗೂ ಉದ್ದುದ್ದ ಪೈಪು.

ಬಂಪರಿನ ಮೂಲೆ ಅಂದರೆ ನೆಲದಿಂದ ಒಂದು ಗೇಣು ಎತ್ತರ. ಕಸ ಗುಡಿಸಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಇಲ್ಲಿಗೆ ನಮ್ಮ ಊರಿನ ಪಾಠ ಬಂತು. ಕಾಲುವೆಯ ನೀರು ಜೋರಾಗಿ ಹರಿಯುವಾಗ ಮಣ್ಣನ್ನು ಹೊತ್ತುಕೊಂಡು ಬರುತ್ತದೆ. ಕೆರೆಗೆ ಬಂದು ಅಗಲವಾದ ತಕ್ಷಣ ಓಟ ಕಡಿಮೆ, ಹೊತ್ತದ್ದನ್ನು ಅಲ್ಲೇ ಇಳಿಸುತ್ತದೆ. ಅದೇ ಹೂಳು. ಕಾರಿನ ಮೂತಿಯಲ್ಲೂ ಅದೇ ನಡೆಯುತ್ತದೆ. ಗಾಳಿ ಒಳಗೆ ಬರುವ ಬಾಯಿ ಕಿರಿದು, ರೇಡಿಯೇಟರ್ ಅಗಲ. ದಾರಿ ಮೂರು ಪಟ್ಟು ಅಗಲವಾದರೆ ಗಾಳಿಯ ವೇಗ ಮೂರರಲ್ಲಿ ಒಂದಾಗುತ್ತದೆ. ಎಲೆಯನ್ನು ತಳ್ಳುವ ಬಲ ಒಂಬತ್ತರಲ್ಲಿ ಒಂದು. ಹಾಗೆ ಮಾಡಿರುವುದು ಬೇಕೆಂದೇ. ನಿಧಾನವಾದ ಗಾಳಿ ಫಿನ್ನುಗಳ ನಡುವೆ ಸಲೀಸಾಗಿ ನುಸುಳುತ್ತದೆ. ಆದರೆ ಹೊತ್ತು ತಂದ ಎಲೆ, ಕಡ್ಡಿ ಅಲ್ಲೇ ಉಳಿಯುತ್ತದೆ. ಹಿಂದಿನಿಂದ ಫ್ಯಾನು ಎಳೆದಾಗ ಅದು ಕಂಡೆನ್ಸರಿನ ಅಂಚಿನ ಸಂದಿಯಿಂದ ನುಗ್ಗಿ, ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಎದುರಿಗೆ ನಿಂತು ನೋಡಿದರೆ ಎಲ್ಲ ಶುಭ್ರ. ಹೂಳು ಒಳಗೆ.

ಬಂಪರ್ ಬಿಚ್ಚಲು ಮುಕ್ಕಾಲು ಗಂಟೆ ಹಿಡಿಯಿತು. ಕಂಡೆನ್ಸರಿನ ಪೈಪು ಮುಟ್ಟಲಿಲ್ಲ, ಮುಟ್ಟಿದರೆ ಗ್ಯಾಸ್ ಹೋಗುತ್ತದೆ. ಸ್ಕ್ರೂ ಬಿಚ್ಚಿ, ಪುಸ್ತಕದ ರಟ್ಟು ತೆರೆದ ಹಾಗೆ ಮುಂದಕ್ಕೆ ವಾಲಿಸಿದ. ನೋಡಿದರೆ ಪದರ ಪದರ! ಮೇಲೆ ಹೊಸ ಹುರುಳಿ ಹೊಟ್ಟು, ತಿಳಿ ಕಂದು ಬಣ್ಣ. ಈ ತಿಂಗಳಲ್ಲಿ ನಮ್ಮ ಕಡೆ ಟಾರು ರಸ್ತೆಯೇ ಕಣ ಅಲ್ವಾ? ಗಾಡಿಗಳ ಚಕ್ರದಿಂದಲೇ ಒಕ್ಕಣೆ. ಅದರ ಕೆಳಗೆ ಒಣಗಿದ ಚೆಂಡುಹೂವಿನ ಎಸಳು, ಒಂದು ತುಂಡು ದಾರದ ಸಮೇತ. ಆಯುಧ ಪೂಜೆಯ ಹಾರ. ಇನ್ನೂ ಕೆಳಗೆ ಮಳೆಗಾಲದ ಹೊಂಗೆ ಎಲೆ, ಕೊಳೆತು ಕಪ್ಪು ಗೊಬ್ಬರವಾಗಿತ್ತು. ಅದನ್ನು ಹಿಂಡಿದರೆ ನೀರು ಬರುವಂತಿತ್ತು. ಅದು ತಾಗಿದ ಕಡೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತಿತ್ತು. ಹಸಿ ಕಸ ಬರೀ ಗಾಳಿ ತಡೆಯುವುದಿಲ್ಲ, ಲೋಹವನ್ನೂ ತಿನ್ನುತ್ತದೆ. ಇನ್ನೊಂದು ಮಳೆಗಾಲ ಹೀಗೇ ಬಿಟ್ಟಿದ್ದರೆ ಕೂಲೆಂಟ್ ಸೋರುತ್ತಿತ್ತೇನೋ.

"ಪಕ್ಕದಲ್ಲೇ ವಾಟರ್ ಸರ್ವಿಸ್ ಇದೆಯಲ್ಲ, ಗನ್ ಹೊಡೆಸಿಬಿಡೋಣ" ಎಂದ ಹುಡುಗ. ಮೆಕ್ಯಾನಿಕ್ ಒಪ್ಪಲಿಲ್ಲ. ಫಿನ್ನು ಅಂದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದಪ್ಪ. ಗನ್ನಿನ ಏಟಿಗೆ ಮಲಗಿಬಿಡುತ್ತದೆ. ಮಲಗಿದ ಫಿನ್ನು ಕಸಕ್ಕಿಂತ ಕೆಟ್ಟದ್ದು. ಅವನು ಮೊದಲು ವ್ಯಾಕ್ಯೂಮಿನಲ್ಲಿ ಸಡಿಲ ಹೊಟ್ಟು ಎಳೆದ. ಆಮೇಲೆ ಎರಡಿಂಚಿನ ಪೇಂಟ್ ಬ್ರಷ್, ಫಿನ್ನು ಯಾವ ಕಡೆಗಿದೆಯೋ ಅದೇ ದಿಕ್ಕಿಗೆ. ಕೊನೆಗೆ ತೋಟದ ಪೈಪಿನಲ್ಲಿ ಮೆಲ್ಲಗೆ ನೀರು, ಅದೂ ಒಳಗಿನಿಂದ ಹೊರಕ್ಕೆ. ಬಂದ ದಾರಿಯಲ್ಲೇ ಕಳಿಸಬೇಕು. ಮುಂದಿನಿಂದ ಬಿಟ್ಟರೆ ಇನ್ನೂ ಆಳಕ್ಕೆ ಹೋಗಿ ಕೂರುತ್ತದೆ.

ಇಷ್ಟರಲ್ಲಿ ಟೆಂಪೊದವನು ತನ್ನ ಸಲಹೆ ಕೊಟ್ಟ. ಥರ್ಮೋಸ್ಟಾಟ್ ಕಿತ್ತು ಬಿಸಾಕಿ, ಅರಿಶಿನ ಪುಡಿ ಹಾಕಿ, ಬೋರ್‌ವೆಲ್ ನೀರು ತುಂಬಿ. ನನಗೆ ರೇಗಿತು. ಥರ್ಮೋಸ್ಟಾಟ್ ಅಂದರೆ ಇಂಜಿನ್ ಹದಕ್ಕೆ ಬರುವವರೆಗೆ ಕೂಲೆಂಟನ್ನು ರೇಡಿಯೇಟರಿಗೆ ಬಿಡದ ಬಾಗಿಲು. ಅದನ್ನು ಕಿತ್ತರೆ ಚಳಿಯಲ್ಲಿ ಇಂಜಿನ್ ಬೇಗ ಹದಕ್ಕೆ ಬರುವುದಿಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಗಾಳಿ ಬಾರದಿದ್ದರೆ ಅದನ್ನು ಕಿತ್ತು ಏನು ಬಂತು? ಅರಿಶಿನ ಸೋರುವ ತೂತಿನ ಜೊತೆಗೆ ಸೋರದ ಕೊಳವೆಯನ್ನೂ ಕಟ್ಟುತ್ತದೆ. ಇನ್ನು ನಮ್ಮ ಬೋರ್‌ವೆಲ್ ನೀರು! ಕುಕ್ಕರಿನ ತಳದ ಬಿಳಿ ಹೊಪ್ಪಳೆ ನೋಡಿದ್ದೀರಲ್ಲ, ಅದೇ ಕೊಳವೆಯೊಳಗೂ ಕೂರುತ್ತದೆ. 1,478 ಮೀಟರ್ ಎತ್ತರದ ನಂದಿಬೆಟ್ಟದ ಮೇಲೆ ತೆರೆದ ಪಾತ್ರೆಯ ನೀರು 95 ಡಿಗ್ರಿಗೇ ಕುದಿಯುತ್ತದೆ. ಕೂಲೆಂಟ್ ಕುದಿಯದೆ ಇರುವುದು ಮುಚ್ಚಳ ಕುಕ್ಕರಿನ ಹಾಗೆ ಒತ್ತಡ ಹಿಡಿದಿರುವುದರಿಂದ. ಬಿಸಿ ಇದ್ದಾಗ ಆ ಮುಚ್ಚಳ ತೆರೆದರೆ ಮುಖ ಬೇಯುತ್ತದೆ.

ಬಿಸಿ ತೆಗೆಯುವ ಕೆಲಸದಲ್ಲಿ ನಮ್ಮ ಸೀಮೆ ಹೊಸದೇನಲ್ಲ. 2007ರವರೆಗೆ ನಾವು ಕೋಲಾರ ಜಿಲ್ಲೆಯವರೇ. ಅಲ್ಲಿನ ಚಿನ್ನದ ಗಣಿ ಮೂರು ಕಿಲೋಮೀಟರಿಗೂ ಆಳ. ತಳದ ಬಂಡೆ 60 ಡಿಗ್ರಿ ದಾಟುತ್ತಿತ್ತು. ಮೇಲಿನಿಂದ ತಣಿಸಿದ ಗಾಳಿ ಇಳಿಸಿಯೇ ಜನ ಕೆಲಸ ಮಾಡುತ್ತಿದ್ದರು. ಅಲ್ಲೂ ಗಾಳಿಯ ದಾರಿ ಮುಚ್ಚಿದರೆ ಆಟ ಮುಗಿದ ಹಾಗೆ.

ಮಧ್ಯಾಹ್ನದ ಹೊತ್ತಿಗೆ ಬಂಪರ್ ಕೂತಿತು. ಎರಡೂ ಕಡೆಯಿಂದ ತೆಗೆದ ಹೂಳು ಒಂದು ಮೊರದ ತುಂಬ ಆಗಿತ್ತು. ಅದರಲ್ಲಿ ಹತ್ತಿಪ್ಪತ್ತು ಹುರುಳಿ ಕಾಳೂ ಇದ್ದವು. ಇಂಜಿನ್ ಅರ್ಧ ಗಂಟೆ ನಿಂತಲ್ಲೇ ಓಡಿತು. ಏಸಿ ಹಾಕಿದರು. ಮುಳ್ಳು ನಡುವೆ ಬಂದು ನಿಂತಿತು, ಅಲುಗಾಡಲಿಲ್ಲ. ಪೇಟೆ ಟ್ರಾಫಿಕ್‌ನಲ್ಲಿ ಏಸಿ ತಣ್ಣಗೆ ಬರುತ್ತಿಲ್ಲ ಎಂದು ಒಂದು ತಿಂಗಳಿಂದ ಅನಿಸುತ್ತಿತ್ತಂತೆ. ಕಂಡೆನ್ಸರಿನ ಬೆನ್ನಿಗೇ ಕಸ ಕೂತಿದ್ದಾಗ ಇನ್ನೇನಾಗುತ್ತದೆ? ಅದನ್ನು ಮೊದಲೇ ಹೇಳಿದ್ದರೆ ಟಾರ್ಚ್ ಕೂಡ ಬೇಕಿರಲಿಲ್ಲ.

ದುಡ್ಡು ಕೊಟ್ಟ ಮೇಲೆ ಹುಡುಗ ನಿಂಬೆಹಣ್ಣು, ಮೆಣಸಿನಕಾಯಿ ಎತ್ತಿಕೊಂಡು ಮತ್ತೆ ಮುಂದಿನ ಜಾಲರಿಗೆ ಕಟ್ಟಲು ಬಗ್ಗಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಮೆಕ್ಯಾನಿಕ್ ಅದನ್ನು ಅವನ ಕೈಯಿಂದ ತಗೊಂಡ. "ಹಿಂದೆ ಕಟ್ಕೊಳ್ಳಿ ಸಾರ್" ಎಂದ. "ನಿಮ್ಮ ಗಾಡೀನ ಎಲ್ಲರೂ ನೋಡೋದು ಹಿಂದಿನಿಂದಲೇ ಅಲ್ವಾ?"

ಹುಡುಗ ಒಂದು ಕ್ಷಣ ಯೋಚಿಸಿ, ಹಿಂದಿನ ನಂಬರ್ ಪ್ಲೇಟಿನ ಕೆಳಗೆ ಕಟ್ಟಿಕೊಂಡು ಹೊರಟ.