ಮೆಗೆಲಾನ್ ಹಡಗಿನವರ ಲೆಕ್ಕದಲ್ಲಿ ಒಂದು ದಿನ ಎಲ್ಲಿ ಹೋಯಿತು?

ಭೂಮಿಯನ್ನು ಮೊದಲ ಬಾರಿ ಸುತ್ತಿದ ಹಡಗಿನ ಬಗ್ಗೆ ಓದುವಾಗ ಕೊನೆಗೆ ಒಂದು ಸಾಲು ಬರುತ್ತದೆ: ಊರಿಗೆ ಮರಳುವ ಹೊತ್ತಿಗೆ ಅವರ ಲೆಕ್ಕದಲ್ಲಿ ಒಂದು ದಿನ ಕಡಿಮೆ ಇತ್ತು. ಅಷ್ಟೇ, ಪಾಠ ಮುಂದೆ ಹೋಗುತ್ತದೆ. ನಾನು ಎರಡು ಸಂಜೆ ಆ ಒಂದು ಸಾಲಿನ ಮೇಲೇ ಕೂತೆ. ಈಗ ಅರ್ಥವಾಗಿದೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ, ನಿಮಗೂ ಇಲ್ಲೇ ಸಿಕ್ಕಿಕೊಂಡಿದ್ದರೆ ಉಪಯೋಗಕ್ಕೆ ಬರಲಿ.

ಕಥೆ ಬೇಗ ಮುಗಿಸುತ್ತೇನೆ. 1519ರ ಸೆಪ್ಟೆಂಬರ್ 20ರಂದು ಸ್ಪೇನಿನ ಸಾನ್‌ಲೂಕರ್‌ನಿಂದ ಐದು ಹಡಗು ಹೊರಟವು. ಮುಖಂಡ ಫರ್ಡಿನೆಂಡ್ ಮೆಗೆಲಾನ್. ಬೇಕಾಗಿದ್ದದ್ದು ಲವಂಗ. ಪೋರ್ಚುಗೀಸರು ಆಫ್ರಿಕಾ ಬಳಸಿ ಪೂರ್ವಕ್ಕೆ ಹೋಗುತ್ತಿದ್ದರು, ಇವರು ಪಶ್ಚಿಮದಿಂದ ಹೋಗಿ ಅದೇ ಮಸಾಲೆ ದ್ವೀಪಗಳನ್ನು ತಲುಪಬೇಕಿತ್ತು. ದಕ್ಷಿಣ ಅಮೆರಿಕದ ತುದಿಯ ಜಲಸಂಧಿ ದಾಟಿದರು. ಪೆಸಿಫಿಕ್‌ನಲ್ಲಿ ಮೂರು ತಿಂಗಳಿಗೂ ಜಾಸ್ತಿ ಹಸಿವಿನಲ್ಲಿ ಸಾಗಿದರು. 1521ರ ಏಪ್ರಿಲ್ 27ರಂದು ಫಿಲಿಪ್ಪೀನ್ಸ್‌ನ ಮಕ್ತಾನ್‌ನಲ್ಲಿ ಮೆಗೆಲಾನ್ ಸತ್ತ. ಕೊನೆಗೆ ಎಲ್ಕಾನೋ ನಡೆಸಿದ ‘ವಿಕ್ಟೋರಿಯಾ’ ಒಂದೇ ಹಡಗು ಲವಂಗ ತುಂಬಿಕೊಂಡು ಸುತ್ತು ಮುಗಿಸಿತು. 1522ರ ಸೆಪ್ಟೆಂಬರ್ 6ರಂದು ಅದು ಸಾನ್‌ಲೂಕರ್ ಸೇರಿದಾಗ ಅದರಲ್ಲಿ ಉಳಿದಿದ್ದ ಯುರೋಪಿಯನ್ನರು 18 ಜನ.

ನಮಗೆ ಬೇಕಾದ ಘಟನೆ ಅದಕ್ಕಿಂತ ಎರಡು ತಿಂಗಳು ಮೊದಲಿನದು. ಅನ್ನ ನೀರಿಲ್ಲದೆ ಹಡಗು ಕೇಪ್ ವರ್ಡ್ ದ್ವೀಪಕ್ಕೆ ಬಂತು. ಅದು ಪೋರ್ಚುಗೀಸರ ಜಾಗ, ಆದ್ದರಿಂದ ಮಸಾಲೆ ದ್ವೀಪದಿಂದ ಬಂದೆವು ಅಂತ ಹೇಳುವ ಹಾಗಿಲ್ಲ. ದೋಣಿಯಲ್ಲಿ ದಡಕ್ಕೆ ಹೋದವರಿಗೆ ಇನ್ನೊಂದು ಕೆಲಸವನ್ನೂ ಹೇಳಿದ್ದರು: ಇವತ್ತು ಯಾವ ವಾರ ಅಂತ ಕೇಳಿಕೊಂಡು ಬನ್ನಿ. ಹಡಗಿನ ಲೆಕ್ಕದಲ್ಲಿ ಅಂದು ಜುಲೈ 9, ಬುಧವಾರ. ದಡದವರು ಗುರುವಾರ ಅಂದರು. ಪ್ರಯಾಣದ ದಿನಚರಿ ಬರೆಯುತ್ತಿದ್ದ ಇಟಲಿಯ ಪಿಗಾಫೆಟ್ಟಾಗೆ ನಂಬಲಾಗಲಿಲ್ಲ. ತಾನು ಕಾಯಿಲೆ ಬೀಳದೆ ಒಂದು ದಿನವೂ ಬಿಡದೆ ಬರೆದಿದ್ದೇನೆ ಅಂತ ಅವನು ಹೇಳುತ್ತಾನೆ. ನನಗೆ ಈ ಮನುಷ್ಯನ ಮೇಲೆ ತುಂಬಾ ಗೌರವ. ಹಸಿವು, ಸಾವು, ಜಗಳದ ನಡುವೆ ಮೂರು ವರ್ಷ ತಪ್ಪದೆ ಬರೆದ. ಅವನ ಎಣಿಕೆಯೂ ಸರಿ, ದಡದವರ ಎಣಿಕೆಯೂ ಸರಿ. ಎರಡೂ ಸರಿಯಾಗಿರುವುದು ಹೇಗೆ?

ನಾನು ಎಡವಿದ್ದು ಇಲ್ಲೇ

ಯಾರನ್ನು ಕೇಳಿದರೂ ‘ಅಂತರರಾಷ್ಟ್ರೀಯ ದಿನಾಂಕ ರೇಖೆ ದಾಟಿದರಲ್ವಾ’ ಅನ್ನುತ್ತಾರೆ. ಅದು ಕಾರಣವಲ್ಲ. 1522ರಲ್ಲಿ ಅಂಥ ರೇಖೆಯೇ ಇರಲಿಲ್ಲ. ಈ ತೊಂದರೆ ಸರಿಪಡಿಸಲು, ದಾಟುವವರು ತಾರೀಕನ್ನು ಒಂದು ದಿನ ಬದಲಿಸಿಕೊಳ್ಳಲಿ ಅಂತ, ಆಮೇಲೆ ಬಂದದ್ದು ಆ ರೇಖೆ.

ಸರಿ, ರೇಖೆ ಬಿಡಿ. ಕೋಲಾರ ಮತ್ತು ಕಾರವಾರ ತೆಗೆದುಕೊಳ್ಳಿ. ಎರಡರ ನಡುವೆ ಸುಮಾರು 4 ಡಿಗ್ರಿ ರೇಖಾಂಶದ ಅಂತರ. ಸೂರ್ಯ 24 ಗಂಟೆಗೆ 360 ಡಿಗ್ರಿ ಸುತ್ತಿದಂತೆ ಕಾಣುತ್ತಾನೆ, ಅಂದರೆ ಒಂದು ಡಿಗ್ರಿಗೆ 4 ನಿಮಿಷ. ಕೋಲಾರದಲ್ಲಿ ನಡು ಮಧ್ಯಾಹ್ನವಾದ 16 ನಿಮಿಷದ ಮೇಲೆ ಕಾರವಾರದಲ್ಲಿ ನಡು ಮಧ್ಯಾಹ್ನ. ಈಗ ಇವತ್ತು ಕೋಲಾರದಲ್ಲಿ ನಡು ಮಧ್ಯಾಹ್ನ ನೋಡಿ, ನಾಳೆಯದನ್ನು ಕಾರವಾರದಲ್ಲಿ ನೋಡಿದಿರಿ ಅಂದುಕೊಳ್ಳಿ. ನಿಮ್ಮ ಆ ‘ಒಂದು ದಿನ’ ಎಷ್ಟು ಉದ್ದ? 24 ಗಂಟೆ 16 ನಿಮಿಷ. ಪಶ್ಚಿಮಕ್ಕೆ ಹೋಗುವವನ ದಿನ ಉದ್ದವಾಗುತ್ತದೆ. ಎಲ್ಲಾ ಗುಟ್ಟು ಇರುವುದು ಈ ಒಂದು ವಾಕ್ಯದಲ್ಲೇ.

ಮೆಗೆಲಾನ್ ಪ್ರಯಾಣಕ್ಕೆ ಇದನ್ನು ಹಾಕಿ ನೋಡಿದೆ. 1519ರ ಸೆಪ್ಟೆಂಬರ್ 20ರಿಂದ 1522ರ ಸೆಪ್ಟೆಂಬರ್ 6ರವರೆಗೆ 1082 ದಿನ. ಇದು ಊರಲ್ಲೇ ಇದ್ದವರ ಎಣಿಕೆ. ಹಡಗಿನಲ್ಲಿದ್ದವರು ಅಷ್ಟೇ ಕಾಲದಲ್ಲಿ ಕಂಡದ್ದು 1081 ದಿನ. ಊರಿನ ಆ ಒಂದು ದಿನದ 86,400 ಸೆಕೆಂಡನ್ನು 1081ರಿಂದ ಭಾಗಿಸಿ. ಸರಾಸರಿ 80 ಸೆಕೆಂಡ್. ಅಂದರೆ ಅವರ ಒಂದೊಂದು ದಿನವೂ ಸುಮಾರು 80 ಸೆಕೆಂಡ್ ಉದ್ದವಾಗಿತ್ತು. ಇದು ಸರಾಸರಿ ಮಾತ್ರ. 1520ರ ಚಳಿಗಾಲದಲ್ಲಿ ದಕ್ಷಿಣ ಅಮೆರಿಕದ ಸಾನ್ ಹೂಲಿಯಾನ್‌ನಲ್ಲಿ ಸುಮಾರು ಐದು ತಿಂಗಳು ಲಂಗರು ಹಾಕಿದ್ದಾಗ ದಿನ ಸರಿಯಾಗಿ 24 ಗಂಟೆ, ಪೆಸಿಫಿಕ್‌ನಲ್ಲಿ ಗಾಳಿ ಹಿಡಿದು ಓಡುವಾಗ ಇನ್ನೂ ಉದ್ದ.

ಯಾರ ಆಯುಷ್ಯದಲ್ಲೂ 24 ಗಂಟೆ ಮಾಯವಾಗಲಿಲ್ಲ. ಇದನ್ನು ನಾನು ದೊಡ್ಡದಾಗಿ ಬರೆದುಕೊಂಡಿದ್ದೇನೆ. ಒಂದೇ ಅಳತೆಯ ಬಟ್ಟೆಯನ್ನು ಒಬ್ಬರು 1082 ತುಂಡು ಮಾಡಿದರು, ಇನ್ನೊಬ್ಬರು ಸ್ವಲ್ಪ ದೊಡ್ಡದಾಗಿ ಕತ್ತರಿಸಿ 1081 ತುಂಡು ಮಾಡಿದರು. ಬಟ್ಟೆ ಅಷ್ಟೇ ಇದೆ.

80 ಸೆಕೆಂಡ್ ಯಾರ ಕಣ್ಣಿಗೂ ಬೀಳಲಿಲ್ಲವೇ? ಹಡಗಿನಲ್ಲಿ ಸಮಯ ಅಳೆಯುತ್ತಿದ್ದದ್ದು ಅರ್ಧ ಗಂಟೆಯ ಮರಳು ಗಡಿಯಾರದಿಂದ. ಹುಡುಗರು ಅದನ್ನು ಹಗಲೂ ರಾತ್ರಿ ತಿರುಗಿಸುತ್ತಿರಬೇಕು, ದಿನಕ್ಕೆ 48 ಸಲ. ಒಬ್ಬ ತೂಕಡಿಸಿದರೂ 80 ಸೆಕೆಂಡಿಗಿಂತ ದೊಡ್ಡ ತಪ್ಪಾಗುತ್ತದೆ. ಸೂರ್ಯ ನೆತ್ತಿಗೆ ಬಂದಾಗ ಲೆಕ್ಕ ಹೊಸದಾಗಿ ಹಿಡಿಯುತ್ತಾರೆ. ಅಲ್ಲಿಗೆ ಆ ದಿನದ 80 ಸೆಕೆಂಡ್ ಅಳಿಸಿಹೋಯಿತು.

ಪ್ರದಕ್ಷಿಣೆಯ ಲೆಕ್ಕ

ಅರ್ಥವಾದ ಮೇಲೂ ಪೂರ್ವಕ್ಕೆ ಹೋದರೆ ಜಾಸ್ತಿಯೋ ಕಡಿಮೆಯೋ ಅಂತ ನನಗೆ ಅದಲುಬದಲಾಗುತ್ತಿತ್ತು. ಅದಕ್ಕೆ ಈ ಉಪಾಯ ಮಾಡಿಕೊಂಡೆ.

ದೇವಸ್ಥಾನದಲ್ಲಿ ಅಜ್ಜಿ ಧ್ವಜಸ್ತಂಭದ ಹತ್ತಿರ ಕೂತಿದ್ದಾರೆ. ತಮ್ಮ ಓಡುತ್ತಾ ಐದು ಪ್ರದಕ್ಷಿಣೆ ಹಾಕುತ್ತಾನೆ. ನೀವು ಅವನ ಜೊತೆಗೇ ಹೊರಟು, ಅದೇ ದಿಕ್ಕಿನಲ್ಲಿ ನಿಧಾನವಾಗಿ ಒಂದೇ ಪ್ರದಕ್ಷಿಣೆ ಹಾಕಿ ಅವನ ಜೊತೆಗೇ ಮುಗಿಸುತ್ತೀರಿ. ಅಜ್ಜಿಯ ಹತ್ತಿರ ಅವನು ಐದು ಸಲ ಬರುತ್ತಾನೆ. ನಿಮ್ಮ ಹತ್ತಿರ? ಒಮ್ಮೆ ಕಾಗದದ ಮೇಲೆ ಬಿಡಿಸಿ ನೋಡಿ. ನಾಲ್ಕೇ ಸಲ, ಕೊನೆಗೆ ಕೂಡಿದ್ದೂ ಸೇರಿ. ನೀವೂ ಅವನಿಂದ ದೂರ ಹೋಗುತ್ತಿದ್ದೀರಿ, ಅದಕ್ಕೇ. ನೀವು ಎದುರು ದಿಕ್ಕಿನಲ್ಲಿ ನಡೆದಿದ್ದರೆ ಆರು ಸಲ ಸಿಗುತ್ತಿದ್ದ.

ತಮ್ಮ ಸೂರ್ಯ, ಅಜ್ಜಿ ಸ್ಪೇನ್, ನೀವು ಹಡಗು. ಸೂರ್ಯ ಹೋಗುವ ಕಡೆಗೇ, ಅಂದರೆ ಪಶ್ಚಿಮಕ್ಕೆ, ಒಂದು ಸುತ್ತು ಹಾಕಿದರೆ ಎಣಿಕೆಯಲ್ಲಿ ಒಂದು ಕಡಿಮೆ. ಎದುರಾಗಿ ಪೂರ್ವಕ್ಕೆ ಸುತ್ತಿದರೆ ಒಂದು ಜಾಸ್ತಿ. ನಿಧಾನವೋ ಬೇಗವೋ, ಮೂರು ವರ್ಷವೋ ಮೂರು ತಿಂಗಳೋ, ಉತ್ತರ ಬದಲಾಗುವುದಿಲ್ಲ.

‘ದಿನ ಕಳೆದುಕೊಂಡರು’, ‘ದಿನ ಸಿಕ್ಕಿತು’ ಅನ್ನುವ ಮಾತನ್ನು ಪರೀಕ್ಷೆಯಲ್ಲಿ ಬರೆಯಬೇಡಿ. ಎಣಿಕೆ ಕಡಿಮೆ, ಎಣಿಕೆ ಜಾಸ್ತಿ ಅಂತ ಬರೆಯಿರಿ. ಪಶ್ಚಿಮಕ್ಕೆ ಹೋದವನ ಎಣಿಕೆ ಒಂದು ಕಡಿಮೆ ಇರುವುದರಿಂದಲೇ ಅವನು ಕ್ಯಾಲೆಂಡರಿನಲ್ಲಿ ಒಂದು ದಿನ ಮುಂದಕ್ಕೆ ಹಾರಬೇಕು. ‘ಕಳೆದ’ ಅಂತ ಹಿಡಿದುಕೊಂಡರೆ ಇಲ್ಲಿ ಖಂಡಿತ ಉಲ್ಟಾ ಆಗುತ್ತದೆ, ನನಗೆ ಆಗಿದ್ದೇ ಹಾಗೆ.

ಪೂರ್ವದ ಸುತ್ತಿಗೆ ಉದಾಹರಣೆ ಜೂಲ್ಸ್ ವರ್ನ್ ಕಾದಂಬರಿಯ ಫಿಲಿಯಸ್ ಫಾಗ್. ಎಂಬತ್ತು ದಿನದಲ್ಲಿ ಭೂಮಿ ಸುತ್ತುವ ಪಂದ್ಯ. ಅವನು ಪೂರ್ವಕ್ಕೇ ಹೋಗಿ ಲಂಡನ್ ಸೇರುತ್ತಾನೆ. ತಡವಾಯಿತು, ಇವತ್ತು ಶನಿವಾರ, ಸೋತೆ ಅಂದುಕೊಳ್ಳುತ್ತಾನೆ. ಲಂಡನ್‌ನಲ್ಲಿ ಇನ್ನೂ ಶುಕ್ರವಾರ. ಅವನು ಎಣಿಸಿದ್ದು 80, ಊರಿನವರು ಎಣಿಸಿದ್ದು 79. ಭಾಗಿಸಿದರೆ ಅವನ ದಿನ ಸರಾಸರಿ 18 ನಿಮಿಷ ಚಿಕ್ಕದು. ಅವನ ಸೇವಕನ ಕೈಗಡಿಯಾರವಲ್ಲ, ಜೇಬಿನ ಗಡಿಯಾರ ಇಡೀ ದಾರಿ ಲಂಡನ್ ಸಮಯವನ್ನೇ ತೋರಿಸುತ್ತಿರುತ್ತದೆ, ಆದರೆ ಅದರಲ್ಲಿ ಗಂಟೆ ಇದೆ, ವಾರ ಇಲ್ಲ!

ಈ ಲೆಕ್ಕ ಮೊದಲೇ ಗೊತ್ತಿದ್ದವರೂ ಇದ್ದರು. ಮೆಗೆಲಾನ್‌ಗಿಂತ ಸುಮಾರು ಇನ್ನೂರು ವರ್ಷ ಹಿಂದೆ ಸಿರಿಯಾದ ಅಬುಲ್ ಫಿದಾ ಮೂವರ ಕಥೆಯಾಗಿ ಇದನ್ನೇ ಬರೆದಿದ್ದ: ಒಬ್ಬ ಊರಲ್ಲಿ ಉಳಿದ, ಒಬ್ಬ ಪೂರ್ವಕ್ಕೆ ಸುತ್ತಿದ, ಒಬ್ಬ ಪಶ್ಚಿಮಕ್ಕೆ. ಯಾರೂ ಹಡಗು ಹತ್ತುವ ಮೊದಲೇ ಸುಮ್ನೆ ಕೂತು ಯೋಚಿಸಿ ಕಂಡುಕೊಂಡದ್ದು ಇದು. ವಿಕ್ಟೋರಿಯಾ ಮರಳಿದ ಮೇಲೆ ಸ್ಪೇನಿನ ದೊರೆಯ ಆಸ್ಥಾನದಲ್ಲಿದ್ದ ವೆನಿಸ್ ರಾಯಭಾರಿ ಕೊಂಟಾರಿನಿ ಸರಿಯಾದ ವಿವರಣೆ ಕೊಟ್ಟ.

ನಿಮಗೆ ಅರ್ಥವಾಯಿತೇ ಅಂತ ನೋಡಿಕೊಳ್ಳಲು ಒಂದು ಪ್ರಶ್ನೆ. ಐದು ಹಡಗುಗಳಲ್ಲಿ ‘ಸಾನ್ ಆಂಟೋನಿಯೋ’ ಜಲಸಂಧಿಯಲ್ಲೇ ತಿರುಗಿಬಿದ್ದು, ಬಂದ ಕಡೆಗೇ ಹಿಂದೆ ಹೋಯಿತು. 1521ರ ಮೇ 6ರಂದು ಸೆವಿಲ್ ಮುಟ್ಟಿತು. ಅದರ ಎಣಿಕೆ ಎಷ್ಟು ಕಡಿಮೆ ಇರಬೇಕು? ಏನೂ ಇಲ್ಲ. ಹೋಗುವಾಗ ಉದ್ದವಾದ ದಿನಗಳು ಬರುವಾಗ ಅಷ್ಟೇ ಚಿಕ್ಕವಾದವು. ಅರ್ಧ ಪ್ರದಕ್ಷಿಣೆ ಹಾಕಿ ಹಿಂದೆ ಬಂದರೆ ಪ್ರದಕ್ಷಿಣೆ ಆಗಲಿಲ್ಲ.

ಇನ್ನೊಂದು ಸಂಗತಿ ಸೇರಿಸುತ್ತೇನೆ. ಮೆಗೆಲಾನ್ ಸತ್ತ ಫಿಲಿಪ್ಪೀನ್ಸನ್ನು ಸ್ಪೇನಿನವರು ಆಮೇಲೆ ಹಿಡಿದುಕೊಂಡರು. ಅವರು ಬರುತ್ತಿದ್ದದ್ದು ಮೆಕ್ಸಿಕೋ ಕಡೆಯಿಂದ, ಪಶ್ಚಿಮಕ್ಕೆ. ಹಾಗಾಗಿ ಹಡಗಿನ ಎಣಿಕೆಯೇ ಊರಿನ ಎಣಿಕೆಯಾಯಿತು. ಪೂರ್ವಕ್ಕೆ ಬಂದ ಪೋರ್ಚುಗೀಸರ ಮಕಾವ್ ಹತ್ತಿರದಲ್ಲೇ ಇದ್ದರೂ ಅಲ್ಲಿ ಒಂದು ದಿನ ಮುಂದೆ. ಇದನ್ನು ಸರಿಮಾಡಿದ್ದು 1844ರ ಕೊನೆಗೆ. ಮನಿಲಾದಲ್ಲಿ ಡಿಸೆಂಬರ್ 30, ಸೋಮವಾರ ಮಲಗಿದವರು ಎದ್ದಾಗ 1845ರ ಜನವರಿ 1, ಬುಧವಾರವಾಗಿತ್ತು.